ಬಕೆಟ್ಟಿಗೆ ಹಾಕದ ಮಾತು

"ಮೇಡಂ, ಸಿಟ್ಟಾಗಬ್ಯಾಡ್ರಿ. ನಿಮ್ಮ ವಾಚ್ ಬಿಚ್ಚಿ ಬ್ಯಾಗಿನ್ಯಾಗ ಇಟ್ಕೊಂತೀರೇನು? ಅದರ ಟಿಕ್ ಟಿಕ್ ಕೇಳಿ ಕೇಳಿ ನನಗ ಒಂದ್ ಸಾಲೂ ಬರಿಯಾಕ ಆಗವಲ್ದು."

ಯಂಕೇಶ ನನ್ನ ಜೊತೆ ಆಡಿದ ಮೊದಲ ಮಾತು ಇದು. ನಾನು ಎರಡೂ ಕೈ ಚಾಚಿ ತೋರಿಸಿದೆ. ಬಳೆಗಳಿದ್ದವು, ವಾಚ್ ಇರಲಿಲ್ಲ.

"ಮತ್ತ ಸಪ್ಪಳ ಎಲ್ಲಿಂದ ಬರಾಕತ್ತೈತ್ರಿ?"

"ನನ್ನ ಎದಿಯಾಗಿಂದ. ಬಿಚ್ಚಿ ಬ್ಯಾಗಿನ್ಯಾಗ ಇಡ್ಲೇನು?"

ಪಾಪ, ಮನುಷ್ಯ ಕುರ್ಚಿಯಲ್ಲೇ ಕುಗ್ಗಿಹೋದ. ಮುಖ ಕಿವಿಯವರೆಗೂ ಕೆಂಪಾಯಿತು. ಒಳಗೊಳಗೇ ನಗು ಬಂದರೂ ನಾನು ಮುಖ ಗಂಟಿಕ್ಕಿಕೊಂಡೇ ಇದ್ದೆ. ಆ ದಿನಗಳಲ್ಲಿ ಯಾರನ್ನಾದರೂ ಗೋಳುಹೊಯ್ದುಕೊಳ್ಳದಿದ್ದರೆ ನನಗೆ ಸಮಾಧಾನವೇ ಆಗುತ್ತಿರಲಿಲ್ಲ.

ಚಿಕ್ಕಂದಿನಲ್ಲಿ ಬಂದ ಜ್ವರ ನನ್ನ ಹೃದಯದ ಕವಾಟವನ್ನು ಕೆಡಿಸಿತ್ತು. ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ಲೋಹದ ವಾಲ್ವ್ ಕೂರಿಸಿದ್ದರು. ಅದು ಮುಚ್ಚಿದಾಗಲೆಲ್ಲ ಸಣ್ಣದೊಂದು ಸದ್ದು ಬರುತ್ತದೆ. ಗಂಗಾವತಿಯ ಬಜಾರಿನಲ್ಲಿ ಯಾರಿಗೂ ಕೇಳಿಸದು, ಎಲ್ಲರೂ ಸುಮ್ಮನಿರುವ ಕೋಣೆಯಲ್ಲಿ ಮಾತ್ರ ಪಕ್ಕದವರ ಕಿವಿಗೆ ಬೀಳುತ್ತದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಟೀಚರು. ಬೋರ್ಡಿನ ಮೇಲೆ ಎಷ್ಟೋ ಸಲ ಹೃದಯದ ಚಿತ್ರ ಬಿಡಿಸಿ ಮಕ್ಕಳಿಗೆ ಧೈರ್ಯವಾಗಿ ವಿವರಿಸಿದವಳು, ಈಗ ನನ್ನದೇ ಎದೆಯ ಸದ್ದಿಗೆ ಹೆದರಿ ಒಂದು ಕಡೆ ಕೂರಲಾರದೆ ಒದ್ದಾಡುತ್ತಿದ್ದೆ. ಈ ಸದ್ದಿನ ನಂತರ ಮುಂದಿನದು ಬರುತ್ತದೋ ಇಲ್ಲವೋ ಎಂದು ಕಾಯುವುದೇ ಒಂದು ಕೆಲಸವಾಗಿತ್ತು.

ನಾವು ಕೂತಿದ್ದದ್ದು ಗಂಗಾವತಿಯದೇ ಹೃದಯದ ದವಾಖಾನೆಯೊಂದರ ಮೇಲಿನ ಮಹಡಿಯಲ್ಲಿ. ಗುರುವಾರ ಗುರುವಾರ ಅಲ್ಲಿ ಬರೆಯುವ ಕ್ಲಾಸು. ಆಪರೇಷನ್ ಆದವರು, ಅಟ್ಯಾಕ್ ಆಗಿ ಉಳಿದವರು ಬಂದು, ಮನಸ್ಸಿನಲ್ಲಿದ್ದದ್ದನ್ನು ಇಪ್ಪತ್ತು ನಿಮಿಷ ಕೈ ಎತ್ತದೆ ಬರೆಯಬೇಕು. ಅಕ್ಷರ ತಪ್ಪಿದರೆ ತಪ್ಪಲಿ, ಬೈಗುಳ ಬಂದರೆ ಬರಲಿ.

"ಗುಳಿಗಿ ಬಿಟ್ಟು ಬರೀರಿ ಅನ್ನಾಕತ್ತಿಲ್ಲ ನಾನು" ಎನ್ನುತ್ತಿದ್ದರು ಕೌನ್ಸೆಲರ್ ರೇಣುಕಾದೇವಿ ಮೇಡಂ. "ಗುಳಿಗಿ ತೊಗೊಂಡು ಬರೀರಿ. ಎದಿಗೆ ಡಾಕ್ಟರ್ ಅದಾರ. ಎದಿ ಕೆಟ್ಟಾಗ ಹುಟ್ಟಿದ ಹೆದರಿಕಿಗೆ ಯಾರದಾರ? ಅದನ್ನ ಹಾಳಿ ಮ್ಯಾಲೆ ಇಳಸ್ರಿ."

ಬರೆದಾದ ಮೇಲೆ ಹಾಳೆಯನ್ನು ನಾವೇ ಹರಿದು ಬಾಗಿಲ ಬಳಿಯ ನೀರಿನ ಬಕೆಟ್ಟಿಗೆ ಹಾಕಬೇಕು. ಯಾರೂ ಓದುವುದಿಲ್ಲ, ಮೇಡಂ ಕೂಡ. ಅಕ್ಷರ ನೀರಿನಲ್ಲಿ ಕರಗಲೆಂದೇ ಇಂಕ್ ಪೆನ್ನು ಕೊಡುತ್ತಿದ್ದರು. ಬಳೆ ಅಂಗಡಿಯ ಹುಸೇನಬಾಷಾ ಚಾಚಾ ಮೊದಲ ದಿನ, "ಅಷ್ಟು ಕಷ್ಟಪಟ್ಟು ಬರದದ್ದು ನೀರಾಗ ಹಾಕಬೇಕೇನ್ರಿ?" ಎಂದು ಹಾಳೆಯನ್ನು ಜೇಬಿಗಿಳಿಸಿ ಮನೆಗೆ ಒಯ್ದಿದ್ದರು. ಉಪ್ಪಿಲ್ಲದ ಅಡುಗೆಯ ಬಗ್ಗೆ ಬರೆದಿದ್ದೆಲ್ಲ ಅವರ ಬೇಗಂ ಕಣ್ಣಿಗೆ ಬಿತ್ತು. ಮುಂದಿನ ವಾರದಿಂದ ಎಲ್ಲರಿಗಿಂತ ಮೊದಲು ಬಕೆಟ್ಟಿಗೆ ಬೀಳುತ್ತಿದ್ದದ್ದು ಅವರ ಹಾಳೆಯೇ.

ಯಂಕೇಶನ ಕಷ್ಟವೇ ಬೇರೆ. ಅವನು ಸರ್ಕಾರಿ ಬಸ್ಸಿನ ಡ್ರೈವರ್. ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ ಮೇಲೆ ಸ್ಟೇರಿಂಗ್ ಕೊಡದೆ, ಬಸ್ ಸ್ಟ್ಯಾಂಡಿನ ಕ್ಯಾಬಿನ್ನಿನಲ್ಲಿ ಮೈಕ್ ಮುಂದೆ ಕೂರಿಸಿದ್ದರು. ಬರೆಯುವುದೆಂದರೆ ಅವನಿಗೆ ಗೊತ್ತಿದ್ದದ್ದು ಒಂದೇ ರೀತಿ. ಒಮ್ಮೆ ಮೇಡಂ, "ಹೆಂಗ ನಡದೈತ್ರಿ? ಇಷ್ಟ ಇದ್ರ ಒಂದೆರಡು ಸಾಲು ಬಾಯಿಲೆ ಹೇಳ್ರಿ" ಎಂದಾಗ ಎದ್ದು ನಿಂತು ಒಪ್ಪಿಸಿದ.

"ಮನಿ ಬಿಟ್ಟೆ, ಎದಿ ಭಾರ. ಸ್ಟ್ಯಾಂಡಿಗೆ ಮುಟ್ಟಿದೆ, ಭಾರ ಇಳೀತು. ಊಟಕ್ಕ ಬಿಟ್ರು, ಹೆದರಿಕಿ ಹತ್ತಿತು. ಡ್ಯೂಟಿ ಮುಗೀತು, ಇನ್ನೂ ಇಳಿದಿಲ್ಲ."

"ಇದು ಟ್ರಿಪ್ ಶೀಟ್ ಆತಲ್ರಿ" ಎಂದರು ಮೇಡಂ. "ಹತ್ತಿದ್ದು, ಇಳಿದದ್ದು ಎಲ್ಲಾ ಐತಿ. ನೀವೊಬ್ರ ಇಲ್ಲ ಇದರಾಗ."

ಎಲ್ಲರೂ ನಕ್ಕರು. ಅವನೂ ನಕ್ಕ, ನಗುತ್ತಲೇ ನನ್ನ ಕಡೆ ನೋಡಿದ. ನೋಡಿದ್ದು ಒಂದು ಗಳಿಗೆ ಅಷ್ಟೆ. ನಾನು ಪೆನ್ನಿನ ಕ್ಯಾಪು ಹಾಕಿದೆ, ತೆಗೆದೆ, ಮತ್ತೆ ಹಾಕಿದೆ.

ಕ್ಲಾಸು ಮುಗಿದ ಮೇಲೆ ಮೂಲೆಯ ಹೋಟೆಲಿನಲ್ಲಿ ಸಕ್ಕರೆಯಿಲ್ಲದ ಚಹಾ ಕುಡಿಯುವುದು ಹೇಗೆ ರೂಢಿಯಾಯಿತೋ ಗೊತ್ತಿಲ್ಲ.

"ಏನ್ ಬರದ್ರಿ ಟೀಚರ್ರ ಇವತ್ತು?"

"ಹೇಳಬಾರ್ದಂತ ರೂಲ್ಸ್ ಐತಿ."

"ನನ್ನ ಬಗ್ಗೆ ಏನರ ಬರದ್ರೇನು?"

"ನಿಮ್ಮ ಬಗ್ಗೆ ಬರಿಯಾಕ ಏನೈತ್ರಿ? ಕಾಲು ಒಂದ್ ಕಡೆ ನಿಲ್ಲಂಗಿಲ್ಲ, ಕುರ್ಚಿ ಕಿರ್ ಕಿರ್ ಅಂತೈತಿ. ನನ್ನ ಎದಿ ಸಪ್ಪಳಾನ ಛಲೋ."

"ಹೌದ್ರಿ, ಭಾಳ ಛಲೋ" ಎಂದುಬಿಟ್ಟ. ಆಮೇಲೆ ತಾನೇನು ಅಂದೆ ಎಂದು ಅರ್ಥವಾಗಿ ಗಡಿಬಿಡಿಯಲ್ಲಿ ಬಿಸಿ ಚಹಾ ಗುಟುಕರಿಸಿ ನಾಲಿಗೆ ಸುಟ್ಟುಕೊಂಡ. ನನಗೆ ಇವತ್ತಿಗೂ ಆ ಮುಖ ನೆನಪಾದರೆ ನಗು ತಡೆಯಲಾಗುವುದಿಲ್ಲ.

ನನ್ನ ಶಾಲೆ ಆನೆಗೊಂದಿ ದಾರಿಯಲ್ಲಿತ್ತು, ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಬರಲೇಬೇಕು. ಕ್ಯಾಬಿನ್ನಿನ ಗಾಜಿನ ಹಿಂದೆ ಅವನು ಕೂತಿರುತ್ತಿದ್ದ. "ಕನಕಗಿರಿ, ತಾವರಗೇರಾ ಮಾರ್ಗವಾಗಿ ಕುಷ್ಟಗಿಗೆ ಹೋಗುವ ಬಸ್ಸು" ಎಂದು ಗಂಭೀರವಾಗಿ ಸಾಗುತ್ತಿದ್ದ ದನಿ, ನಾನು ಕಂಡೊಡನೆ ಒಂದು ಸಲ ಎಡವುತ್ತಿತ್ತು. ಆನೆಗೊಂದಿ ಬಸ್ಸಿಗೆ ಮಾತ್ರ ಒಂದು ಸಾಲು ಹೆಚ್ಚು ಸೇರುತ್ತಿತ್ತು. "ಪ್ರಯಾಣಿಕರು ಅವಸರ ಮಾಡದೆ, ಆರಾಮಾಗಿ ಹತ್ತಬೇಕು." ಅಂಜನಾದ್ರಿಗೆ ಹೊರಟ ಯಾತ್ರಿಕರು ಈ ಊರಿನವರು ಎಷ್ಟು ಸಭ್ಯರೆಂದು ಮೆಚ್ಚಿಕೊಂಡಿರಬೇಕು. ನಾನು ತಲೆ ತಗ್ಗಿಸಿ, ನಿಜಕ್ಕೂ ಆರಾಮಾಗಿ ಹತ್ತುತ್ತಿದ್ದೆ.

ಮೇಡಂ ಒಂದು ದಿನ ನಮ್ಮನ್ನೆಲ್ಲ ಸಾಣಾಪುರದ ಕೆರೆಗೆ ಕರೆದುಕೊಂಡು ಹೋದರು. ಬಯಲಲ್ಲಿ ಕೂತು ಬರೆಯಿರಿ ಅಂದರು. ಗಾಳಿ ಹಾಳೆಗಳನ್ನು ನಿಲ್ಲಗೊಡಲಿಲ್ಲ. ಹುಸೇನಬಾಷಾ ಚಾಚಾ ಬಂಡೆಯ ನೆರಳಲ್ಲಿ ನಿದ್ದೆ ಹೋದರು. ನಾನು, ಯಂಕೇಶ ನೀರಿನ ಅಂಚಿಗೆ ಕೂತೆವು. ಅವನು ಅಂದು ಬರೆಯುವುದರ ಬದಲು ಹೇಳಿದ.

"ಕುಷ್ಟಗಿ ರೋಡಿನ್ಯಾಗ, ಬಸ್ ತುಂಬ ಮಂದಿ. ಎಡಗೈ ಜೋಮು ಹಿಡೀತು. ಸೈಡಿಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳದ್ನಿ. ಹಿಂದಿಂದ ಯಾರೋ, ಯಾಕೋ ನಿಂದ್ರಿಸಿದಿ, ಚಹಾ ಕುಡ್ಯಾಕೇನು ಅಂತ ಬೈದ್ರು. ಕಡೀಗೆ ಕೇಳಿದ್ದು ಅದ."

"ಮಂದಿ ಎಲ್ಲಾ ಉಳದ್ರಲ್ರಿ."

"ಉಳದ್ರು. ಆದ್ರ ಆವತ್ತು ಬ್ರೇಕ್ ಎಳೀದ ಇದ್ದಿದ್ರ? ಅದ ತಲ್ಯಾಗ ತಿರಗತೈತಿ ನೋಡ್ರಿ. ಮದುವಿ ನಿಶ್ಚಯ ಆಗಿತ್ತು ನಂದು. ಅಟ್ಯಾಕ್ ಸುದ್ದಿ ಕೇಳಿ ಅವರು ಬಿಟ್ರು. ಅವರದೇನು ತಪ್ಪಿಲ್ಲ. ಯಾವಾಗ ನಿಲ್ತೈತೋ ಗೊತ್ತಿಲ್ಲದ ಗಾಡಿಗೆ ಯಾರು ಹತ್ತಬೇಕು?"

ನನಗೆ ಅವನ ಕೈ ಮೇಲೆ ಕೈ ಇಡಬೇಕೆನಿಸಿತು, ಇಡಲಿಲ್ಲ. ಅವನೇ ನನ್ನ ಕಡೆ ತಲೆ ವಾಲಿಸಿ ಕಿವಿಗೊಟ್ಟ.

"ಇವತ್ತು ಸಪ್ಪಳ ಕೇಳಸವಲ್ದಲ್ರಿ?"

"ಗಾಳಿ ಐತಿ."

"ಸ್ವಲ್ಪ ಹತ್ರ ಬರ್ಲೇನು?"

"ಬರಬ್ಯಾಡ್ರಿ" ಎಂದೆ. ಎಂದವಳು ಕೂತಲ್ಲಿಂದ ಒಂದಿಷ್ಟೂ ಸರಿಯಲಿಲ್ಲ. ಅವನು ಬಂದ. ನಮ್ಮ ನಡುವೆ ಒಂದು ಗೇಣು ಜಾಗ ಉಳಿದಿತ್ತು. ಅವನು ಕಣ್ಣು ಮುಚ್ಚಿ ಕೇಳಿದ. ಆಪರೇಷನ್ ಆದ ಮೇಲೆ ಅಂದೇ ಮೊದಲ ಸಲ ನನ್ನ ಎದೆಯ ಸದ್ದನ್ನು ನಾನು ಹೆದರದೆ ಕೇಳಿಸಿಕೊಂಡೆ. ನನಗೆ ಅವನು ಬೇಕು ಎಂದು ಆ ಕ್ಷಣದಲ್ಲೇ ತಿಳಿಯಿತು.

ಮನೆಗೆ ಬಂದರೆ ಅಣ್ಣ ವಿರುಪಣ್ಣ ಬಾಗಿಲಲ್ಲೇ ಸುದ್ದಿ ಹಿಡಿದು ನಿಂತಿದ್ದ. ಯಲಬುರ್ಗಾದಿಂದ ಸಂಬಂಧ ಬಂದಿತ್ತು. ಹುಡುಗ ಸರ್ಕಾರಿ ನೌಕರ, ಒಳ್ಳೆಯ ಮನೆತನ, ಭಾನುವಾರ ನೋಡಲು ಬರುತ್ತಾರೆ.

"ಆಪರೇಷನ್ ವಿಷಯ ಹೇಳಿಯೇನು?" ಎಂದೆ.

"ಮದುವಿ ಆದ ಮ್ಯಾಲೆ ನಿಧಾನಕ್ಕ ಹೇಳಿದ್ರ ಆತು. ಹೊಲಿಗಿ ಕಲೆ ಕಾಣದಂಗ ಮುಚ್ಚಿದ ಕೊರಳಿನ ಕುಬಸ ಹಾಕ್ಕೋ. ಫ್ಯಾನು ಜೋರು ಇಡೂಣು, ಟಿವಿ ಹಚ್ಚೂಣು. ಯಾರಿಗೂ ಸಪ್ಪಳ ಕೇಳಂಗಿಲ್ಲ."

"ಗುಳಿಗಿ ದಿನಾ ನುಂಗಬೇಕು, ರಕ್ತ ತಪಾಸ ಮಾಡ್ಸಬೇಕು. ಅದನ್ನ ಯಾವ ಟಿವಿ ಹಚ್ಚಿ ಮುಚ್ತಿ?"

"ನಾನೇನ್ ನಿನ್ನ ವೈರಿ ಏನವಾ?" ಎಂದ ಅಣ್ಣ. "ಹೇಳಿ ಹೇಳಿ ಎಷ್ಟು ಸಂಬಂಧ ಹ್ವಾದವು, ಗೊತ್ತಿಲ್ಲೇನು? ನಿನಗೊಂದು ಮನಿ ಆಗ್ಲಿ ಅಂತೀನಿ."

ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವನು ಅಣ್ಣ. ಅವನ ಮೇಲೆ ಸಿಟ್ಟು ಮಾಡಲೂ ಆಗದೆ, ಒಪ್ಪಲೂ ಆಗದೆ ನಾನು ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಮಾಳಿಗೆಗೆ ತಿರುಗಾಡಿದೆ. ಅವ್ವ ಮಾರೆವ್ವ, "ಒಂದ್ ಕಡೆ ಕುಂದ್ರ ನನ್ನವ್ವ" ಎಂದು ಬೇಡಿಕೊಂಡಳು.

ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಯಂಕೇಶನಿಗೆ ಹೇಳಿದೆ. ಬೇಡ ಅನ್ನುತ್ತಾನೆ, ಕಡೇ ಪಕ್ಷ ಮುಖವಾದರೂ ಸಪ್ಪಗೆ ಮಾಡುತ್ತಾನೆ ಎಂದು ಆಸೆಯಿಂದ ಕಾದೆ. ಅವನು ಮೈಕಿನ ವೈರು ಸರಿಪಡಿಸುತ್ತ ನಿಂತ.

"ಛಲೋ ಮನಿತನ ಇದ್ರ ಒಪ್ಕೋರಿ ಟೀಚರ್ರ."

"ನಿಮಗ ಛಲೋ ಅನಸ್ತೈತೇನು?"

"ಅವರು ಗಟ್ಟಿಮುಟ್ಟ ಇರ್ತಾರ. ನಿಮ್ಮನ್ನ ನೋಡ್ಕೊಳ್ಳಾಕ ಅಂಥವರ ಬೇಕು."

ಮೈಯೆಲ್ಲ ಉರಿದುಹೋಯಿತು. "ನನಗ ದಾದಿ ಬೇಕಾಗಿಲ್ರಿ" ಎಂದವಳೇ ಬೋರ್ಡು ನೋಡದೆ ಎದುರಿಗೆ ಬಂದ ಬಸ್ಸು ಹತ್ತಿದೆ. ಅದು ಸಿಂಧನೂರಿಗೆ ಹೋಗುವ ಬಸ್ಸು. ಕಂಡಕ್ಟರು ಮುಂದಿನ ಸ್ಟಾಪಿನಲ್ಲಿ ಇಳಿಸಿದ. ಬಿಸಿಲಲ್ಲಿ ವಾಪಸು ನಡೆಯುತ್ತ ಯಂಕೇಶನನ್ನು ನನಗೆ ಗೊತ್ತಿದ್ದ ಬೈಗುಳಗಳಲ್ಲೆಲ್ಲ ಬೈದೆ.

ಆ ಗುರುವಾರ ಅವನು ಕ್ಲಾಸಿಗೆ ಬರಲಿಲ್ಲ. ಪಕ್ಕದ ಕುರ್ಚಿ ಕಿರ್ ಎನ್ನದೆ ನನಗೆ ಬರೆಯಲಾಗಲಿಲ್ಲ. ಎದ್ದೆ, ನೀರು ಕುಡಿದೆ, ಕಿಟಕಿಗೆ ಹೋದೆ, ಮತ್ತೆ ಬಂದು ಕೂತೆ. ಕೊನೆಗೆ ಪೆನ್ನು ತಾನಾಗಿ ಓಡಿತು. ಸಾವಿನ ಭಯವನ್ನೇ ಬರೆಯುತ್ತೇನೆ ಅಂದುಕೊಂಡಿದ್ದೆ. ಬರೆಯುತ್ತ ಹೋದಂತೆ ಭಯ ಅದರದ್ದಲ್ಲ ಎಂದು ಕಂಡಿತು. ಕತ್ತಿನವರೆಗೆ ಗುಂಡಿ ಹಾಕಿಕೊಂಡು, ಗುಳಿಗೆಯನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟು, ಗಂಡ ಹತ್ತಿರ ಬಂದಾಗಲೆಲ್ಲ ಫ್ಯಾನಿನ ಸ್ವಿಚ್ಚಿಗೆ ಕೈ ಚಾಚುವ ಹೆಂಗಸೊಬ್ಬಳು ಆ ಹಾಳೆಯಲ್ಲಿದ್ದಳು. ನನಗೆ ಹೆದರಿಕೆ ಅವಳನ್ನು ಕಂಡರೆ. ಹಾಳೆ ಹರಿದು ಬಕೆಟ್ಟಿಗೆ ಹಾಕಿ ಬಂದೆ. ತಲೆ ತಿಳಿಯಾಗಿತ್ತು.

ಭಾನುವಾರ ಯಲಬುರ್ಗಾದವರು ಬಂದರು. ಫ್ಯಾನು ಕಿತ್ತುಕೊಂಡು ಬೀಳುವ ಹಾಗೆ ತಿರುಗುತ್ತಿತ್ತು. ಟಿವಿಯಲ್ಲಿ ಕ್ರಿಕೆಟ್ಟು ಅರಚುತ್ತಿತ್ತು. ಸಾಲದ್ದಕ್ಕೆ ಅಣ್ಣ ಒಳಗೆ ಅವ್ವನ ಕೈಲಿ ಮಿಕ್ಸರ್ ಹಾಕಿಸಿದ್ದ.

"ಎಷ್ಟು ಓದ್ಯಾಳ ಹುಡುಗಿ?" ಹುಡುಗನ ತಾಯಿ ಯಮನೂರಮ್ಮ ಕೂಗಿ ಕೇಳಿದರು.

"ಹೌದ್ರಿ, ಅಡಗಿ ಎಲ್ಲಾ ಬರ್ತೈತಿ!" ಅಣ್ಣ ಕೂಗಿ ಹೇಳಿದ.

"ಆ ಟಿವಿ ಆರಸ್ರೆಪಾ!"

"ಅದು ಆರೂದಿಲ್ರಿ, ರಿಮೋಟ್ ಕೆಟ್ಟೈತಿ!"

ಹುಡುಗ ಕಿವಿಗೆ ಕೈ ಕೊಟ್ಟು ನನ್ನನ್ನು ನೋಡಿ ನಕ್ಕ. ಒಳ್ಳೆಯ ನಗು, ಮೋಸ ಹೋಗಬೇಕಾದವನಲ್ಲ. ನಾನು ಚಹಾದ ತಟ್ಟೆ ಕೆಳಗಿಟ್ಟು ಎದ್ದೆ. ಟಿವಿಯ ಪ್ಲಗ್ಗು ಕಿತ್ತೆ. ಫ್ಯಾನು ಆರಿಸಿದೆ. "ಅವ್ವಾ, ಮಿಕ್ಸರ್ ನಿಂದ್ರಸು" ಎಂದೆ. ಅಣ್ಣನ ಮುಖ ಬಿಳಿಚಿಕೊಂಡಿತು.

ಮನೆಯಲ್ಲಿ ಸದ್ದಡಗಿತು. ಆಗ ಯಮನೂರಮ್ಮ ಗೋಡೆ ಗಡಿಯಾರ ಹುಡುಕುತ್ತ ತಲೆಯೆತ್ತಿದರು.

"ಅದು ನನ್ನ ಎದಿಯಾಗಿನ ಸಪ್ಪಳ ಅತ್ತಿಯವರ" ಎಂದು ಎಲ್ಲವನ್ನೂ ಹೇಳಿದೆ. ಲೋಹದ ವಾಲ್ವು, ಜೀವನಪೂರ್ತಿ ಗುಳಿಗೆ, ಮಕ್ಕಳು ಬೇಕೆಂದರೆ ಡಾಕ್ಟರನ್ನು ಹತ್ತು ಸಲ ಕೇಳಬೇಕು ಎಂಬುದು, ಎಲ್ಲ. ಆಕೆ ಕೇಳಿಸಿಕೊಂಡರು. ಎದ್ದು ಬಂದು ನನ್ನ ಗಲ್ಲ ಮುಟ್ಟಿದರು.

"ಹೇಳಿದ್ದು ಛಲೋ ಮಾಡಿದಿ ಮಗಳ. ನಮಗ ಆಗಂಗಿಲ್ಲ. ಆದ್ರ ಛಲೋ ಮಾಡಿದಿ."

ಅವರು ಹೋದ ಮೇಲೆ ಅಣ್ಣ ಚಪ್ಪಲಿ ಮೆಟ್ಟಿ ಹೊರಗೆ ಹೋದ. ಅವ್ವ ಮಾಡಿಟ್ಟ ಮಂಡಕ್ಕಿ, ಮಿರ್ಚಿ ಹಾಗೇ ಆರಿಹೋದವು.

ಸೋಮವಾರ ಶಾಲೆಗೆ ರಜೆ ಹಾಕಿ ನೇರ ಕ್ಯಾಬಿನ್ನಿಗೆ ನುಗ್ಗಿದೆ. ಯಂಕೇಶ ಎದ್ದು ನಿಂತ, ಕೂತ, ಮತ್ತೆ ಎದ್ದ.

"ಸಂಬಂಧ ಮುರದ್ನಿ" ಎಂದೆ. "ಇದ್ದದ್ದು ಇದ್ದಂಗ ಹೇಳಿದ್ನಿ. ಈಗ ನಿಮ್ಮ ಸರದಿ. ಬಾಯಿ ಬಿಟ್ಟು ಹೇಳ್ರಿ, ನಾನು ಯಾರು ನಿಮಗ?"

"ಟೀಚರ್ರ, ನನಗ ಗ್ಯಾರಂಟಿ ಇಲ್ರಿ. ನಾಳೆ ನನಗೇನರ ಆದ್ರ ನಿಮ್ಮ ಗತಿ?"

"ನನಗೂ ಗ್ಯಾರಂಟಿ ಇಲ್ಲ. ಎಷ್ಟು ವರ್ಷ ಅಂತ ಕೇಳಾಕ ಬಂದಿಲ್ಲ ನಾನು. ನನ್ನ ಮ್ಯಾಲೆ ಮನಸೈತೋ ಇಲ್ಲೋ?"

ಹೊರಗಿನಿಂದ ಡ್ರೈವರೊಬ್ಬ ಗಾಜು ಬಡಿದ. "ಏ ಯಂಕೇಶಾ, ಕೊಪ್ಪಳ ಬಸ್ ಹೊಂಟೈತಿ, ಅನೌನ್ಸ್ ಮಾಡಪಾ!"

ಯಂಕೇಶ ಅವನ ಕಡೆ ತಿರುಗಲೂ ಇಲ್ಲ.

"ಐತ್ರಿ" ಎಂದ. "ಭಾಳ ಐತಿ. ನೀವು ಸ್ಟ್ಯಾಂಡಿಗೆ ಬರದ ದಿನ ನನಗ ಯಾವ ಊರಿನ ಹೆಸರೂ ಬಾಯಿಗೆ ಬರಂಗಿಲ್ಲ. ಛಲೋ ಸಂಬಂಧ ಅಂತ ಹೇಳಿ ಮನಿಗೆ ಹೋಗಿ ಉಂಡಿಲ್ಲ ನಾನು. ಕ್ಲಾಸಿಗೆ ಬಂದ್ರ ನಿಮ್ಮ ಹೆಸರು ಒಂದ ಬರೀತೀನಿ ಅಂತ ಹೆದರಿ ಬರಲಿಲ್ಲ. ರಂಜಿತಾ, ನನಗ ನೀವು ಬೇಕು."

ಅವನ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು. ಕಣ್ಣು ತುಂಬಿಬಂದು ಎದುರಿನ ಬಸ್ಸುಗಳೆಲ್ಲ ಕಲಸಿಹೋದವು. ಅವನು ಕೈ ಚಾಚಿದ. ಈ ಸಲ ನಾನು ಕೈ ಇಟ್ಟೆ. ಬೆಚ್ಚಗಿತ್ತು, ಬೆವರಿತ್ತು.

"ಇದನ್ನ ಬಕೆಟ್ಟಿಗೆ ಹಾಕಬ್ಯಾಡ್ರಿ" ಎಂದೆ. "ನಮ್ಮ ಮನಿಗೆ ಬಂದು ಅಣ್ಣನ ಮುಂದ ಹೇಳ್ರಿ."

"ಯಾವಾಗ?"

"ಡ್ಯೂಟಿ ಮುಗದ ಕೂಡ್ಲೆ. ನಾಳೆ ಅಂದ್ರ ನೀವು ಮತ್ತ ನನಗ ಒಳ್ಳೇದು ಮಾಡಾಕ ಹೋಗ್ತೀರಿ."

ಮಧ್ಯಾಹ್ನ ಇಬ್ಬರೂ ಹೊರಟೆವು. ನಮ್ಮ ಮನೆ ಎರಡನೇ ಮಹಡಿಯಲ್ಲಿದೆ. ಅರ್ಧ ಮೆಟ್ಟಿಲಿಗೆ ಅವನಿಗೆ ಉಸಿರು ಸಾಲಲಿಲ್ಲ, ನನಗೂ ಸಾಲಲಿಲ್ಲ. ಒಬ್ಬರಿಗೊಬ್ಬರು ಮುಚ್ಚಿಡದೆ ಅಲ್ಲೇ ಕೂತು ಸುಧಾರಿಸಿಕೊಂಡು, ಮತ್ತೆ ಹತ್ತಿದೆವು.

ಬಾಗಿಲು ತೆಗೆದವನು ಅಣ್ಣ. ಚೌಕಟ್ಟಿಗೆ ಎರಡೂ ಕೈ ಕೊಟ್ಟು ದಾರಿಗೆ ಅಡ್ಡ ನಿಂತ. ಅಣ್ಣ ಬೇಡವೆಂದರೆ ಅವನನ್ನು ಬಿಡಲೂ ಆರೆ, ಇವನನ್ನು ಬಿಡಲೂ ಆರೆ.

"ನನಗ ಹಾರ್ಟ್ ಅಟ್ಯಾಕ್ ಆಗೈತ್ರಿ" ಎಂದ ಯಂಕೇಶ. "ಸ್ಟೆಂಟ್ ಹಾಕ್ಯಾರ. ದಿನಾ ಗುಳಿಗಿ ನುಂಗತೀನಿ. ಹೆಸರು ಯಂಕೇಶ, ಮರಳಿ ಅನ್ನೂ ಊರಿನಾಂವ, ಡ್ರೈವರ್. ನಿಮ್ಮ ತಂಗಿನ್ನ ಕೇಳಾಕ ಬಂದೀನಿ."

ಅಣ್ಣ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದ.

"ಮತ್ತ ಬಸ್ ಹೊಡಿಯಾಕ ಕೊಡ್ತಾರೇನು?"

"ಗೊತ್ತಿಲ್ರಿ."

"ಡಾಕ್ಟರ್ ಏನಂತಾರ? ಎಷ್ಟು ವರ್ಷ..."

"ಅದೂ ಗೊತ್ತಿಲ್ರಿ."

"ಎಲ್ಲಾದಕ್ಕೂ ಗೊತ್ತಿಲ್ಲ ಅಂತಾನಲ್ಲ ಇಂವ!" ಅಣ್ಣ ನನ್ನ ಕಡೆ ತಿರುಗಿ ಸಿಡಿದ. "ಇಂವನ್ನ ಹೆಂಗ ನಂಬೂದವಾ?"

"ಅದಕ್ಕ ನಂಬು ಯಣ್ಣಾ" ಎಂದೆ. "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂದಾನ. ನಾವು ಮುಚ್ಚಿಡಾಕ ಹೋದಂಥಾದ್ದನ್ನ ಇಂವ ಬಾಗಲದಾಗ ನಿಂತ ಹೇಳ್ಯಾನ."

ಅಣ್ಣ ನನ್ನನ್ನೇ ನೋಡುತ್ತ ನಿಂತ. ಒಳಗಿನಿಂದ ಅವ್ವ, "ಮೆಟ್ಲ ಹತ್ತಿ ಬಂದಾರ, ಇಬ್ರಿಗೂ ದಣಿವಾಗಿರ್ತೈತಿ ಬಿಡೋ" ಎಂದಳು. ಅಣ್ಣ ಕೈ ಕೆಳಗಿಳಿಸಿದ. ಕಣ್ಣೊರೆಸಿಕೊಂಡ. ಆಮೇಲೆ ಬಾಗಿಲಿನಿಂದ ಪಕ್ಕಕ್ಕೆ ಸರಿದ.

"ಬರ್ರಿ" ಎಂದ.